ಗುಡ್ಡದ ಮೇಲಿನ ವಿಮಾನ ನಿಲ್ದಾಣ ಮತ್ತು ಅದರ ದಾರಿ

ವಿಮಾನಯಾನದ ವೇಗವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಆಕಾಶದಲ್ಲಿ ಕಳೆಯುವ ಕಾಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಮಂಗಳೂರಿನಿಂದ ಬೆಂಗಳೂರಿಗೆ ಒಂದು ಗಂಟೆಯ ಹಾರಾಟ ಎನ್ನುತ್ತೇವೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಯಾವ ಮನುಷ್ಯನೂ ವಿಮಾನಗಳು ಇಳಿಯತಕ್ಕ ಹಾದಿಯ ಪಕ್ಕದಲ್ಲಿ ಮನೆ ಮಾಡಿಕೊಂಡಿರುವುದಿಲ್ಲ. ಅವನ ಪ್ರಯಾಣ ಒಂದು ಹೊಸ್ತಿಲಿನಿಂದ ಹೊರಟು ಇನ್ನೊಂದು ಹೊಸ್ತಿಲಿನಲ್ಲಿ ಮುಗಿಯತಕ್ಕದ್ದು. ನಡುವೆ ಇರುವ ಹಾರಾಟವು ಆ ಪ್ರಯಾಣದ ಒಂದು ತುಂಡು ಮಾತ್ರ.

ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡೋಣ. ಉಡುಪಿಯ ಒಬ್ಬ ವಿದ್ಯಾರ್ಥಿಯು ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಹೋಗಬೇಕಾಗಿದೆ ಎಂದು ಇಟ್ಟುಕೊಳ್ಳಿ. ಉಡುಪಿಯಿಂದ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ. ವಿಮಾನ ಹೊರಡುವುದಕ್ಕೆ ಒಂದೂವರೆ ಗಂಟೆ ಮೊದಲೇ ಅವನು ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಇಳಿದು, ಸಾಮಾನು ಪಡೆದು, ಹೊರಗೆ ಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಸುಮಾರು ಒಂದೂಕಾಲು ಗಂಟೆ. ಎಲ್ಲವನ್ನೂ ಕೂಡಿಸಿದರೆ ಐದೂಮುಕ್ಕಾಲು ಗಂಟೆಯಾಗುತ್ತದೆ. ಎರಡು ಊರುಗಳ ನಡುವಿನ ಆಕಾಶದೂರವನ್ನು 300 ಕಿಲೋಮೀಟರು ಎಂದು ಹಿಡಿದರೆ ಗಂಟೆಗೆ 800 ಕಿಲೋಮೀಟರಿನವರೆಗೆ ವೇಗವನ್ನು ಪಡೆಯಬಲ್ಲ ಯಂತ್ರದಲ್ಲಿ ಕುಳಿತ ಈ ಪ್ರಯಾಣಿಕನ ಸರಾಸರಿ ವೇಗವು ಗಂಟೆಗೆ 52 ಕಿಲೋಮೀಟರು ಮಾತ್ರ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ವಿಜ್ಞಾನಿಗಳು ವಿಮಾನದ ವೇಗವನ್ನು ಇಮ್ಮಡಿಗೊಳಿಸಿದರು ಎನ್ನೋಣ. ಆಗ ಈ ವಿದ್ಯಾರ್ಥಿಗೆ ಉಳಿಯುವುದು ಅರ್ಧ ಗಂಟೆ. ಅದರ ಬದಲು ನೆಲದ ಮೇಲಿನ ಎರಡು ದಾರಿಗಳಲ್ಲಿ ಕಳೆಯುವ ಕಾಲವನ್ನು ಅರ್ಧಕ್ಕೆ ಇಳಿಸಿದರೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಹೊಸ ಎಂಜಿನನ್ನು ಕಂಡುಹಿಡಿಯುವುದಕ್ಕಿಂತ ಒಂದು ಬಸ್ಸಿನ ವೇಳಾಪಟ್ಟಿಯನ್ನು ಸರಿಪಡಿಸುವುದು ಹೆಚ್ಚು ಲಾಭದಾಯಕವೆಂಬ ವಿಚಿತ್ರ ಸತ್ಯವನ್ನು ಈ ಲೆಕ್ಕವು ನಮಗೆ ತೋರಿಸುತ್ತದೆ. ವಿಮಾನ ನಿಲ್ದಾಣದ ಹಿರಿಮೆಯನ್ನು ಅದರ ಕಟ್ಟಡವನ್ನು ನೋಡಿ ನಿರ್ಣಯಿಸುವುದು ವಾಡಿಕೆ. ಅದಕ್ಕೆ ಹೋಗುವ ದಾರಿಯನ್ನು ನೋಡಿ ನಿರ್ಣಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಮಂಗಳೂರಿನ ನಿಲ್ದಾಣವನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇವೆ.

ಮಂಗಳೂರು ನಗರದಿಂದ ಸುಮಾರು 13 ಕಿಲೋಮೀಟರು ದೂರದಲ್ಲಿ, ಬಜಪೆಯ ಬಳಿ, ಸಮುದ್ರಮಟ್ಟದಿಂದ ಸುಮಾರು 100 ಮೀಟರು ಎತ್ತರದ ಗುಡ್ಡದ ನೆತ್ತಿಯ ಮೇಲೆ ಈ ನಿಲ್ದಾಣವಿದೆ. 1951ರ ಡಿಸೆಂಬರಿನಲ್ಲಿ ಅದು ಆರಂಭವಾಯಿತು. ಗುಡ್ಡದ ಮೇಲೆ ಏಕೆ ಕಟ್ಟಿದರು ಎಂದು ಕೇಳುವುದು ಸಹಜ. ಕರಾವಳಿಯ ಭೂಲಕ್ಷಣವೇ ಇದಕ್ಕೆ ಉತ್ತರ. ಪಶ್ಚಿಮ ಘಟ್ಟಕ್ಕೂ ಸಮುದ್ರಕ್ಕೂ ನಡುವೆ ಇರುವ ಈ ಕಿರಿದಾದ ಪಟ್ಟಿಯಲ್ಲಿ ತಗ್ಗಿನ ಸಮತಟ್ಟು ನೆಲವೆಲ್ಲ ಬತ್ತದ ಗದ್ದೆ, ಅಡಕೆ ತೆಂಗುಗಳ ತೋಟ ಮತ್ತು ನದಿಗಳ ಪಾಲಾಗಿದೆ. ಉಳಿದದ್ದು ಮುರಕಲ್ಲಿನ ಗುಡ್ಡಗಳು. ಇವುಗಳಲ್ಲಿ ಕೆಲವಕ್ಕೆ ನೆತ್ತಿ ಚಪ್ಪಟೆ. ಅಂಥ ಬಯಲನ್ನು ಆ ಕಡೆಯ ಜನರು ಪದವು ಎನ್ನುತ್ತಾರೆ. ಬೇಸಾಯಕ್ಕೆ ಅಷ್ಟಾಗಿ ಒದಗದ ಪದವು ವಿಮಾನಕ್ಕೆ ಒದಗಿತು. ಮೇಜಿನ ಹಲಗೆಯಂತೆ ಮೇಲೆ ಸಮತಟ್ಟು, ಅಂಚು ದಾಟಿದರೆ ಇಳಿಜಾರು: ಇಂಥ ನಿಲ್ದಾಣಗಳನ್ನು ‘ಟೇಬಲ್‌ಟಾಪ್’ ನಿಲ್ದಾಣಗಳೆಂದು ಕರೆಯುವುದುಂಟು.

ಮೊದಲಿದ್ದ ರನ್‌ವೇಯ ಉದ್ದ ಸುಮಾರು 1,600 ಮೀಟರು. ದೊಡ್ಡ ಜೆಟ್ ವಿಮಾನಗಳಿಗೆ ಅದು ಚಿಕ್ಕದಾಯಿತು. 2006ರಲ್ಲಿ 2,450 ಮೀಟರು ಉದ್ದದ ಇನ್ನೊಂದು ರನ್‌ವೇ ಬಳಕೆಗೆ ಬಂದಿತು. ಅದೇ ವರ್ಷ ದುಬೈಗೆ ನೇರವಾದ ವಿಮಾನಸಂಚಾರವೂ ಆರಂಭವಾಯಿತು. ಅದಕ್ಕೆ ಮೊದಲು ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುತ್ತಿದ್ದ ಕರಾವಳಿಯವರು ಮುಂಬಯಿಯಂಥ ದೂರದ ಊರುಗಳಿಗೆ ಹೋಗಿ ವಿಮಾನವನ್ನು ಹತ್ತಬೇಕಾಗಿತ್ತು. 2010ರ ಮೇ ತಿಂಗಳಿನಲ್ಲಿ ಕೆಂಜಾರಿನ ಕಡೆಯಲ್ಲಿ ಹೊಸ ನಿಲ್ದಾಣದ ಕಟ್ಟಡವು ತೆರೆಯಿತು. 2020ರ ಅಕ್ಟೋಬರಿನ ಕೊನೆಯಿಂದ ನಿಲ್ದಾಣದ ಆಡಳಿತವು ಐವತ್ತು ವರ್ಷಗಳ ಗುತ್ತಿಗೆಯ ಮೇಲೆ ಅದಾನಿ ಸಮೂಹದ ಕೈಗೆ ಬಂದಿದೆ. ಈಚಿನ ವರ್ಷಗಳಲ್ಲಿ ಇದನ್ನು ಬಳಸುವವರ ಸಂಖ್ಯೆ ವರ್ಷಕ್ಕೆ 20 ಲಕ್ಷದ ಆಸುಪಾಸಿನಲ್ಲಿದೆ. ಎಂದರೆ ದಿನವೊಂದಕ್ಕೆ ಸುಮಾರು ಐದೂವರೆ ಸಾವಿರ ಜನ. ಇಷ್ಟು ಜನರೂ ಬೀಳ್ಕೊಡಲು, ಎದುರುಗೊಳ್ಳಲು ಬರುವವರೂ ಗುಡ್ಡವನ್ನು ಹತ್ತಿ ಇಳಿಯತಕ್ಕವರೇ.

ರೈಲು ಏಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರ ಮಾಡಬಹುದು. ಕೊಂಕಣ ರೈಲುಮಾರ್ಗದ ಕಡೆಗೆ ಹೋಗುವ ಗಾಡಿಗಳು ಗುಡ್ಡದ ಪಶ್ಚಿಮಕ್ಕೆ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಜೋಕಟ್ಟೆಯ ಮೂಲಕ ಹಾದುಹೋಗುತ್ತವೆ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಅವೆರಡರ ನಡುವಣ ಹಿಡಿತವು ಬಲು ಕಡಿಮೆ. ರೈಲಿನ ಸೊಗಸು ಇರುವುದೂ ಇದರಲ್ಲೇ, ದೌರ್ಬಲ್ಯ ಇರುವುದೂ ಇದರಲ್ಲೇ. ಸಮನೆಲದಲ್ಲಿ ಅಲ್ಪ ಶಕ್ತಿಯಿಂದ ಭಾರವನ್ನು ಎಳೆಯುವ ಗಾಡಿಯು ಏರಿನಲ್ಲಿ ಏದುಸಿರು ಬಿಡುತ್ತದೆ. ಕೊಂಕಣ ಮಾರ್ಗದಲ್ಲಿ ಇಟ್ಟುಕೊಂಡ ಗರಿಷ್ಠ ಏರು 150ಕ್ಕೆ 1. ಈ ಪ್ರಮಾಣದಲ್ಲಿ 100 ಮೀಟರು ಎತ್ತರವನ್ನು ಹತ್ತಲು 15 ಕಿಲೋಮೀಟರು ಉದ್ದದ ಹಳಿ ಬೇಕು. ಸಕಲೇಶಪುರದ ಘಟ್ಟದಲ್ಲಿರುವಂತೆ 50ಕ್ಕೆ 1ರ ಕಡಿದಾದ ಏರನ್ನು ಒಪ್ಪಿದರೂ 5 ಕಿಲೋಮೀಟರು ಬೇಕು. ರಬ್ಬರಿನ ಚಕ್ರವುಳ್ಳ ಬಸ್ಸಾದರೋ 20ಕ್ಕೆ 1ರ ಏರನ್ನು ಸುಲಭವಾಗಿ ಹತ್ತಿ, 2 ಕಿಲೋಮೀಟರಿನಲ್ಲೇ ನೆತ್ತಿಯನ್ನು ಮುಟ್ಟುತ್ತದೆ. ಆದುದರಿಂದ ರೈಲನ್ನು ಗುಡ್ಡಕ್ಕೆ ಹತ್ತಿಸುವ ಕನಸನ್ನು ಬಿಟ್ಟು, ಗುಡ್ಡದ ಬುಡದ ರೈಲು ನಿಲ್ದಾಣಕ್ಕೆ ಬಸ್ಸನ್ನು ಇಳಿಸುವುದೇ ನಿಸರ್ಗಕ್ಕೂ ಬೊಕ್ಕಸಕ್ಕೂ ಒಪ್ಪುವ ಮಾರ್ಗ.

ಹಳಿ ಹತ್ತಿರವಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಸಮೀಪದಲ್ಲಿ 2021ರ ಜನವರಿಯಲ್ಲಿ ರೈಲು ನಿಲುಗಡೆಯೊಂದು ಆರಂಭವಾಯಿತು. ಆದರೆ ಅಲ್ಲಿ ನಿಲ್ಲುವ ಗಾಡಿಗಳು ಕೈಬೆರಳಿನಲ್ಲಿ ಎಣಿಸುವಷ್ಟಿದ್ದುದರಿಂದ ಬಹುಮಂದಿಯ ಉಪಯೋಗಕ್ಕೆ ಅದು ಒದಗಲಿಲ್ಲ. ಅದೇ ಊರಿನಲ್ಲಿ 2008ರಿಂದ ಓಡುತ್ತಿರುವ ‘ವಾಯು ವಜ್ರ’ ಬಸ್ಸುಗಳು ಹಗಲಿರುಳೂ ಜನರನ್ನು ಹೊರುತ್ತಿವೆ. ಹಳಿಗಿಂತ ವೇಳಾಪಟ್ಟಿಯೇ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬಸ್ಸಿನ ವೇಳೆಯ ವಿಷಯದಲ್ಲಿ ಗಣಿತವು ಹೇಳುವ ಮಾತು ಸ್ವಾರಸ್ಯವಾಗಿದೆ. ಗಂಟೆಗೊಂದು ಬಸ್ಸಿದ್ದು, ವಿಮಾನಗಳು ತಮ್ಮ ಪಾಡಿಗೆ ತಾವು ಇಳಿಯುತ್ತಿದ್ದರೆ ಪ್ರಯಾಣಿಕನು ಸರಾಸರಿ ಅರ್ಧ ಗಂಟೆ ಕಾಯಬೇಕಾಗುತ್ತದೆ. ಅದೇ ಬಸ್ಸು, ಅದೇ ಚಾಲಕ, ಅದೇ ಇಂಧನ. ಆದರೆ ವಿಮಾನ ಇಳಿದ ನಲವತ್ತು ನಿಮಿಷಕ್ಕೆ ಹೊರಡುವಂತೆ ವೇಳೆಯನ್ನು ಹೊಂದಿಸಿದರೆ ಕಾಯುವ ಕಾಲ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮಂಗಳೂರಿನಿಂದ ಬಜಪೆ, ಕಟೀಲುಗಳ ಕಡೆಗೆ ಬಸ್ಸುಗಳು ಧಾರಾಳವಾಗಿವೆ. ಆದರೆ ಅವು ಊರಿನ ಜನರ ಶಾಲೆ, ಕಚೇರಿ, ಸಂತೆಗಳ ವೇಳೆಗೆ ಓಡತಕ್ಕವು. ದೊಡ್ಡ ಪೆಟ್ಟಿಗೆಗಳನ್ನು ಇಡಲು ಅವುಗಳಲ್ಲಿ ಎಡೆಯೂ ಕಡಿಮೆ. ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಇಳಿಯುವ ವಿಮಾನದ ಪ್ರಯಾಣಿಕನಿಗೆ ಅವುಗಳಿಂದ ಪ್ರಯೋಜನವಿಲ್ಲ. ಅವನು ಟ್ಯಾಕ್ಸಿಯವನನ್ನೇ ಆಶ್ರಯಿಸಬೇಕು.

“ವಿಮಾನದಲ್ಲಿ ಹೋಗುವವರು ಹಣವಂತರು, ಟ್ಯಾಕ್ಸಿಯ ಬಾಡಿಗೆ ಅವರಿಗೊಂದು ಲೆಕ್ಕವೆ?” ಎಂದು ಕೇಳುವವರಿದ್ದಾರೆ. ಕರಾವಳಿಯ ಪರಿಚಯವುಳ್ಳವರು ಈ ಮಾತನ್ನು ಆಡಲಾರರು. ಕೊಲ್ಲಿಯ ದೇಶಗಳಲ್ಲಿ ಗಾರೆ ಕೆಲಸ, ಅಡುಗೆ ಕೆಲಸ, ವಾಹನ ಚಾಲನೆ ಮಾಡಿ ಮನೆಗೆ ಹಣ ಕಳುಹಿಸುವವರು ಹಣವಂತರಲ್ಲ. ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡುಗಳ ಒಳಹಳ್ಳಿಗಳಿಂದ ಅವರು ಬರುತ್ತಾರೆ. ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಿಗೆ ದೂರದಿಂದ ಬರುವ ರೋಗಿಗಳಿದ್ದಾರೆ. ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಿದ್ದಾರೆ. ಇವರಿಗೆ ನೂರು ರೂಪಾಯಿಯ ಬಸ್ಸಿಗೂ ಅದರ ಹತ್ತಾರು ಪಟ್ಟು ಬೀಳುವ ಬಾಡಿಗೆಗೂ ಇರುವ ವ್ಯತ್ಯಾಸವು ಸಣ್ಣದಲ್ಲ. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ನಿಲ್ದಾಣವು ತೆರೆದ ಮೇಲೆ ಕಾಸರಗೋಡಿನ ಪ್ರಯಾಣಿಕನಿಗೆ ಆಯ್ಕೆಯೂ ದೊರೆತಿದೆ. ಯಾವ ನಿಲ್ದಾಣದ ದಾರಿ ಸುಗಮವೋ ಆ ಕಡೆಗೆ ಜನರು ಹೋಗುವುದು ಸಹಜ.

ದಾರಿಯ ಮೇಲೆ ಬೀಳುವ ಹೊರೆಯನ್ನೂ ಗಮನಿಸಬೇಕು. 180 ಜನರನ್ನು ತಂದ ಒಂದು ವಿಮಾನವನ್ನು ಎಣಿಕೆಗೆ ತೆಗೆದುಕೊಳ್ಳೋಣ. ಕಾರಿಗೆ ಇಬ್ಬರಂತೆ ಹೊರಟರೆ 90 ಕಾರುಗಳು. ಮುಂದಿನ ಕಾರಿಗೆ ತಾಗದಂತೆ ಓಡಲು ಪ್ರತಿಯೊಂದಕ್ಕೂ 20 ಮೀಟರು ಎಡೆ ಬಿಟ್ಟರೆ 1,800 ಮೀಟರು ಉದ್ದದ ಸಾಲಾಗುತ್ತದೆ. ನಲವತ್ತು ಜನರ ಬಸ್ಸುಗಳಾದರೆ ಐದು ಸಾಕು. ಬಸ್ಸಿಗೆ 30 ಮೀಟರಿನಂತೆ 150 ಮೀಟರಿನಲ್ಲಿ ಅವು ಅಡಗುತ್ತವೆ. ಎಲ್ಲರೂ ಬಸ್ಸು ಹತ್ತಬೇಕೆಂದು ನಾವು ಹೇಳುವುದಿಲ್ಲ. ಮೂರರಲ್ಲಿ ಒಬ್ಬರು ಹತ್ತಿದರೂ ರಸ್ತೆಯನ್ನು ಅಗಲಗೊಳಿಸುವ ಖರ್ಚಿನಲ್ಲಿ ಒಂದು ಭಾಗವಾದರೂ ಉಳಿದೀತು.

ಇಲ್ಲಿಯವರೆಗೆ ಹೇಳಿದ್ದು ಕಾಲ ಮತ್ತು ಹಣಗಳ ಮಾತಾಯಿತು. ಇನ್ನು ಪ್ರಾಣದ ಮಾತಿಗೆ ಬರೋಣ.

2010ರ ಮೇ 22ರ ಬೆಳಗ್ಗೆ, ಹೊಸ ಕಟ್ಟಡವು ತೆರೆದ ಒಂದು ವಾರಕ್ಕೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ ವಿಮಾನವು ರನ್‌ವೇಯ ಕೊನೆಯನ್ನು ದಾಟಿ ಕಣಿವೆಗೆ ಬಿದ್ದಿತು. ಅದರಲ್ಲಿದ್ದ 166 ಜನರ ಪೈಕಿ 158 ಜನರು ಮಡಿದರು. ಇಳಿಯುವ ವಿಮಾನದ ವೇಗವನ್ನು ಗಂಟೆಗೆ 260 ಕಿಲೋಮೀಟರು, ಎಂದರೆ ಸೆಕೆಂಡಿಗೆ ಸುಮಾರು 72 ಮೀಟರು ಎಂದು ಹಿಡಿಯೋಣ. ಸೆಕೆಂಡಿಗೆ 2 ಮೀಟರಿನಂತೆ ವೇಗವನ್ನು ಇಳಿಸುತ್ತ ಹೋದರೆ ಅದು ನಿಲ್ಲಲು ಸುಮಾರು 1,300 ಮೀಟರು ಬೇಕಾಗುತ್ತದೆ. ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳು ಚಲನೆಯ ಸೂತ್ರವನ್ನು ಬಳಸಿ ಇದನ್ನು ತಾವೇ ಪರೀಕ್ಷಿಸಬಹುದು. ರನ್‌ವೇಯ ಆರಂಭದ ಹತ್ತಿರವೇ ನೆಲ ಮುಟ್ಟಿದ ವಿಮಾನಕ್ಕೆ 2,450 ಮೀಟರು ಸಾಕಾಗಿ, ಇನ್ನೂ ಉಳಿಯುತ್ತದೆ. ಆದರೆ ಅಂದಿನ ವಿಮಾನವು ನೆಲ ಮುಟ್ಟಿದಾಗ ಸುಮಾರು 1,585 ಮೀಟರು ಹಿಂದೆ ಸರಿದುಹೋಗಿತ್ತು. ಉಳಿದದ್ದು 860 ಮೀಟರಿನಷ್ಟು. ಇಳಿಯುವಿಕೆ ಸರಿಯಾಗಿಲ್ಲವೆಂದು ತಿಳಿದ ಮೇಲೂ ಅದನ್ನು ಕೈಬಿಟ್ಟು ಮತ್ತೆ ಮೇಲೇರದೆ ಹೋದದ್ದೇ ಅಪಘಾತದ ನೇರ ಕಾರಣವೆಂದು ವಿಚಾರಣೆಯು ತೀರ್ಮಾನಿಸಿತು.

ಮನುಷ್ಯನು ತಪ್ಪುವುದು ಸಹಜ. ತಪ್ಪಿದಾಗಲೂ ಪ್ರಾಣ ಉಳಿಯುವಂತೆ ಏರ್ಪಾಡು ಮಾಡುವುದು ಎಂಜಿನಿಯರಿನ ಧರ್ಮ. ರನ್‌ವೇಯ ಕೊನೆಯಿಂದಾಚೆ ಸುರಕ್ಷತೆಗಾಗಿ ಬಿಡತಕ್ಕ ನೆಲವು ಕನಿಷ್ಠ 90 ಮೀಟರು ಇರಬೇಕೆಂದೂ 240 ಮೀಟರು ಇದ್ದರೆ ಒಳ್ಳೆಯದೆಂದೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಹೇಳುತ್ತದೆ. 2010ರಲ್ಲಿ ಮಂಗಳೂರಿನಲ್ಲಿ ಇದ್ದದ್ದು ಕನಿಷ್ಠದ 90 ಮೀಟರು. ಬಯಲುಸೀಮೆಯ ನಿಲ್ದಾಣದಲ್ಲಿ ಇನ್ನೂ 150 ಮೀಟರು ನೆಲವನ್ನು ಸಮಮಾಡುವುದು ಹೆಚ್ಚಿನ ಮಾತಲ್ಲ. ಗುಡ್ಡದ ಮೇಲಾದರೋ ಅದು ಕಣಿವೆಯೊಳಗಿಂದ ಮಣ್ಣನ್ನು ಎಬ್ಬಿಸಿ ನಿಲ್ಲಿಸುವ ಕೆಲಸ. ಅದೂ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿನಲ್ಲಿ! ಎಡೆಯಿಲ್ಲದ ಕಡೆಗಳಿಗಾಗಿ ಇನ್ನೊಂದು ಉಪಾಯವನ್ನು ಕಂಡುಹಿಡಿದಿದ್ದಾರೆ. ಹಗುರವಾದ, ಪುಡಿಯಾಗತಕ್ಕ ಕಾಂಕ್ರೀಟಿನ ಹಾಸನ್ನು ಕೊನೆಯಲ್ಲಿ ಹಾಕುತ್ತಾರೆ. ವಿಮಾನದ ಚಕ್ರಗಳು ಅದನ್ನು ಪುಡಿಮಾಡುತ್ತ ಹೂತುಕೊಂಡು, ಗಂಟೆಗೆ 130 ಕಿಲೋಮೀಟರಿನ ವೇಗದಲ್ಲಿ ಬಂದ ಯಂತ್ರವೂ ಅಲ್ಪ ದೂರದಲ್ಲಿ ನಿಲ್ಲುತ್ತದೆ. 2020ರ ಆಗಸ್ಟಿನಲ್ಲಿ, ಇದೇ ಬಗೆಯದಾದ ಕೋಳಿಕ್ಕೋಡಿನ ನಿಲ್ದಾಣದಲ್ಲಿ ವಿಮಾನವೊಂದು ಅಂಚನ್ನು ದಾಟಿ ಬಿದ್ದು ಪ್ರಾಣಹಾನಿಯಾಯಿತು. ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಬಂದ ಪಾಠವನ್ನು ಮೂರನೆಯ ಸಲ ಕಲಿಯುವುದು ಯಾರಿಗೂ ಬೇಡ.

ದಾರಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ನೇರವಾಗಿದೆ. ಅಂಚಿನಿಂದ ಆಚೆಗೆ ಬಿದ್ದ ವಿಮಾನವು ನಿಲ್ದಾಣದ ಬೇಲಿಯ ಹೊರಗೆ, ಕಾಡು ಬೆಳೆದ ಕಣಿವೆಯಲ್ಲಿ ಬೀಳುತ್ತದೆ. ರನ್‌ವೇಯ ಪಕ್ಕದಲ್ಲಿ ಸಿದ್ಧವಾಗಿ ನಿಂತ ಬೆಂಕಿ ಆರಿಸುವ ವಾಹನವು ಅಲ್ಲಿಗೆ ಇಳಿಯಲು ಹಳ್ಳಿಯ ಇಕ್ಕಟ್ಟಾದ ದಾರಿಯನ್ನೇ ಬಳಸಬೇಕು. 2010ರಲ್ಲಿ ಮೊದಲು ಧಾವಿಸಿ ನೆರವಾದವರು ಆಸುಪಾಸಿನ ಊರವರು. ಅವರ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಧೈರ್ಯವು ರಸ್ತೆಯ ಸ್ಥಾನವನ್ನು ತುಂಬಲಾರದು. ಉರಿಯುವ ವಿಮಾನದ ವಿಷಯದಲ್ಲಿ ನಿಮಿಷಗಳೇ ಪ್ರಾಣಗಳು.

ಸೇತುವೆಯ ಸಂಗತಿಯೂ ಹೀಗೆಯೇ. ನಗರದಿಂದ ಕಾವೂರಿನ ಮೂಲಕ ನಿಲ್ದಾಣಕ್ಕೆ ಹೋಗುವ ದಾರಿಯು ಮರವೂರಿನಲ್ಲಿ ಫಲ್ಗುಣಿ ನದಿಯನ್ನು ದಾಟುತ್ತದೆ. 2021ರ ಜೂನ್ ತಿಂಗಳ ಮಳೆಯಲ್ಲಿ ಅಲ್ಲಿಯ ಸೇತುವೆಯ ಕಂಬವೊಂದು ಕುಸಿದು ಸಂಚಾರ ನಿಂತುಹೋಯಿತು. ವಾಹನಗಳು ಗುರುಪುರ, ಕೈಕಂಬಗಳ ಮೂಲಕ ಬಳಸಿಕೊಂಡು ಹೋಗಬೇಕಾಯಿತು. ಅಂತರರಾಷ್ಟ್ರೀಯವೆಂಬ ಹೆಸರು ಹೊತ್ತ ನಿಲ್ದಾಣದ ಮುಖ್ಯ ದಾರಿಯು ನದಿಯೊಳಗಿನ ಒಂದು ಕಂಬವನ್ನು ನಂಬಿಕೊಂಡಿತ್ತೆಂಬುದನ್ನು ಮಳೆಗಾಲವು ಒಂದೇ ದಿನದಲ್ಲಿ ಬಯಲುಮಾಡಿತು. ವಿಮಾನದಲ್ಲಿ ಪ್ರತಿಯೊಂದು ಮುಖ್ಯ ಉಪಕರಣಕ್ಕೂ ಬದಲಿಯೊಂದನ್ನು ಇಟ್ಟಿರುತ್ತಾರೆ. ಒಂದು ಎಂಜಿನು ಕೆಟ್ಟರೆ ಇನ್ನೊಂದರ ಬಲದಿಂದ ಇಳಿಯಬಹುದು. ಇದೇ ನೀತಿಯು ದಾರಿಗೆ ಏಕೆ ಬೇಡ?

ಹಾಗಾದರೆ ಇದೆಲ್ಲ ಏಕೆ ಆಗದೆ ಉಳಿಯುತ್ತದೆ? ದುರುದ್ದೇಶವೇ ಕಾರಣವೆಂದು ನಾವು ಭಾವಿಸುವುದಿಲ್ಲ. ಕಟ್ಟಡವು ಒಬ್ಬರ ಅಧೀನ, ವಿಮಾನಗಳ ಸಂಚಾರ ನಿಯಂತ್ರಣವು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ ಅಧೀನ, ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ದಳದ್ದು, ರಸ್ತೆ ಮತ್ತು ಸೇತುವೆ ಇನ್ನೊಂದು ಇಲಾಖೆಯವು, ಬಸ್ಸು ಮತ್ತೊಬ್ಬರದು, ರೈಲು ಮಗದೊಬ್ಬರದು. ಪ್ರತಿಯೊಬ್ಬರೂ ತಮ್ಮ ತುಂಡನ್ನು ನಿಷ್ಠೆಯಿಂದ ನೋಡಿಕೊಳ್ಳಬಹುದು. ಆದರೆ ಹೊಸ್ತಿಲಿನಿಂದ ಹೊಸ್ತಿಲಿನವರೆಗಿನ ಪ್ರಯಾಣವನ್ನು ಒಟ್ಟಾಗಿ ನೋಡತಕ್ಕವರು ಯಾರೂ ಇಲ್ಲ. ತುಂಡುಗಳೆಲ್ಲ ಗಟ್ಟಿಯಾಗಿದ್ದು ಬೆಸುಗೆ ಸಡಿಲವಾದ ಸರಪಳಿಯಂತೆ ಇದರ ಸ್ಥಿತಿ.

ನಮ್ಮ ದೃಷ್ಟಿಯಲ್ಲಿ ಖರ್ಚಿನ ಕ್ರಮವು ಹೀಗಿರಬೇಕು. ಮೊದಲನೆಯದಾಗಿ ರನ್‌ವೇಯ ಎರಡು ಕೊನೆಗಳ ಭದ್ರತೆ ಮತ್ತು ಕಣಿವೆಗೆ ಇಳಿಯಲು ಬೆಂಕಿ ಆರಿಸುವ ವಾಹನ, ಆಂಬುಲೆನ್ಸುಗಳಿಗೆ ತಕ್ಕ ದಾರಿ. ಎರಡನೆಯದಾಗಿ ಮಳೆಗಾಲಕ್ಕೂ ಜಗ್ಗದ ಎರಡು ಸಮರ್ಥ ರಸ್ತೆಗಳು. ಮೂರನೆಯದಾಗಿ ವಿಮಾನದ ವೇಳೆಗೆ ಹೊಂದಿಕೊಂಡು ಮಂಗಳೂರಿನ ರೈಲು ನಿಲ್ದಾಣಗಳಿಗೂ ಉಡುಪಿ, ಪುತ್ತೂರು, ಕಾಸರಗೋಡುಗಳಿಗೂ ಹೋಗುವ ಬಸ್ಸು. ನಾಲ್ಕನೆಯದಾಗಿ ರಾತ್ರಿ ಬಂದು ಬೆಳಗಿನ ವಿಮಾನಕ್ಕೆ ಕಾಯುವ ಬಡ ಪ್ರಯಾಣಿಕನಿಗೆ ಒರಗಲು ಎಡೆ, ಕುಡಿಯಲು ನೀರು, ಕೈಗೆಟುಕುವ ಬೆಲೆಯ ತಿಂಡಿ. ಕೋಲ್ಕತ್ತದ ವಿಮಾನ ನಿಲ್ದಾಣದಲ್ಲಿ 2024ರ ಡಿಸೆಂಬರಿನಲ್ಲಿ ಹತ್ತು ರೂಪಾಯಿಗೆ ಚಹ ಕೊಡುವ ಅಂಗಡಿಯನ್ನು ತೆರೆದರೆಂಬುದನ್ನು ನೋಡಿದರೆ ಇದು ಆಗದ ಮಾತೇನೂ ಅಲ್ಲ. ಇವೆಲ್ಲ ಆದ ಮೇಲೆ ಗಾಜಿನ ಗೋಡೆ, ಹೊಳೆಯುವ ನೆಲ, ಅಲಂಕಾರದ ದೀಪಗಳು ಬರಲಿ. ನಾವು ಅವುಗಳ ವೈರಿಗಳಲ್ಲ.

ಬಸ್ಸು ಓಡಿಸಿದರೆ ಜನರು ಹತ್ತುವುದಿಲ್ಲ ಎಂಬ ಆಕ್ಷೇಪ ಬರುವುದು ಖಂಡಿತ. ಇಂದು ಬಂದು ನಾಳೆ ಬಾರದ ಬಸ್ಸನ್ನು ನಂಬಿ ಯಾರೂ ವಿಮಾನವನ್ನು ತಪ್ಪಿಸಿಕೊಳ್ಳಲಾರರು. ನಂಬಿಕೆ ಬೆಳೆಯಲು ಕಾಲ ಬೇಕು. ಒಂದೆರಡು ವರ್ಷ ನಷ್ಟವನ್ನು ಸಹಿಸಿ, ಒಂದು ದಿನವೂ ತಪ್ಪದೆ ಓಡಿಸಿ ನೋಡಿದ ಮೇಲೆ ಆಡತಕ್ಕ ಮಾತು ಅದು.

ಈ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವಿದೆ. ವಿಜ್ಞಾನವು ಪ್ರಯೋಗಶಾಲೆಯ ಗಾಜಿನ ನಳಿಕೆಗಳಲ್ಲಿ ಮಾತ್ರ ಇರತಕ್ಕದ್ದಲ್ಲ. ಅಳತೆ ಇರುವ ಕಡೆಯಲ್ಲೆಲ್ಲ ಅದಿದೆ. ಕರಾವಳಿಯ ಯಾವುದೇ ಕಾಲೇಜಿನ ಹತ್ತು ಮಂದಿ ಸೇರಿ, ಕೈಗಡಿಯಾರವನ್ನೂ ಒಂದು ನೋಟುಪುಸ್ತಕವನ್ನೂ ಹಿಡಿದು, ತಮ್ಮ ಊರುಗಳಿಂದ ನಿಲ್ದಾಣದ ಬಾಗಿಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು, ಎಷ್ಟು ಹಣ, ಎಷ್ಟು ಕಡೆ ಇಳಿದು ಹತ್ತಬೇಕು, ಮಳೆಗಾಲದಲ್ಲಿ ಎಷ್ಟು ಹೆಚ್ಚು ಎಂಬುದನ್ನು ಒಂದು ವರ್ಷ ಕಾಲ ಬರೆದಿಟ್ಟರೆ ಅದೊಂದು ಬೆಲೆಯುಳ್ಳ ದಾಖಲೆಯಾದೀತು. ದೂರನ್ನು ತಳ್ಳಿಹಾಕುವುದು ಅಧಿಕಾರಿಗಳಿಗೆ ಸುಲಭ. ದಿನಾಂಕ, ವೇಳೆಗಳೊಡನೆ ಬರೆದಿಟ್ಟ ಅಂಕಿಗಳನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಈ ಕೆಲಸವನ್ನು ಆರಂಭಿಸುವವರಿಗೆ ನಮ್ಮ ಮೆಚ್ಚಿಕೆಯನ್ನು ಈಗಲೇ ತಿಳಿಸುತ್ತೇವೆ.